ಟ್ರಾನ್ಸ್‌ಮಿಟರ್ ತಾನಾಗಿಯೇ ಶಕ್ತಿ ತಗ್ಗಿಸಿಕೊಂಡಾಗ: ಸಣ್ಣ ಎಫ್‌ಎಂ ಕೇಂದ್ರಗಳಿಗೊಂದು ದೋಷ ನಿವಾರಣೆ ಕೈಪಿಡಿ

ಸಮುದಾಯ ಬಾನುಲಿ ಕೇಂದ್ರದ ಟ್ರಾನ್ಸ್‌ಮಿಟರಿನಲ್ಲಿ ದೋಷ ಕಾಣಿಸಿಕೊಂಡಾಗ ಮೊದಲ ಸುದ್ದಿ ಸಾಮಾನ್ಯವಾಗಿ ಫೋನಿನಲ್ಲಿ ಬರುತ್ತದೆ. "ಸರ, ನಿನ್ನೆ ಸಂಜಿಯಿಂದ ನಿಮ್ಮ ರೇಡಿಯೋ ಗರಗರ ಅನ್ನಾಕತ್ತೈತಿ" ಎಂದು ಪ್ರಸಾರ ವ್ಯಾಪ್ತಿಯ ಅಂಚಿನ ಊರಿನಿಂದ ಯಾರೋ ಹೇಳುತ್ತಾರೆ. ಅದೇ ಹೊತ್ತಿಗೆ ಕೇಂದ್ರದ ಅಕ್ಕಪಕ್ಕದ ಓಣಿಗಳಲ್ಲಿ ಧ್ವನಿ ಎಂದಿನಂತೆ ಸ್ವಚ್ಛವಾಗಿಯೇ ಇರುತ್ತದೆ. 50 ವ್ಯಾಟ್ ಕೊಡಬೇಕಾದ ಟ್ರಾನ್ಸ್‌ಮಿಟರ್ 25 ವ್ಯಾಟ್‌ಗೆ ಇಳಿದರೂ ತರಂಗದ ಕ್ಷೇತ್ರಬಲ ಅರ್ಧಕ್ಕೆ ಇಳಿಯುವುದಿಲ್ಲ. ಅದು ಶಕ್ತಿಯ ವರ್ಗಮೂಲಕ್ಕೆ ಅನುಗುಣವಾಗಿರುವುದರಿಂದ ಸುಮಾರು 70 ಪ್ರತಿಶತ ಉಳಿದುಕೊಳ್ಳುತ್ತದೆ. ಹತ್ತಿರದ ರೇಡಿಯೋಗಳಿಗೆ ಈ ವ್ಯತ್ಯಾಸ ತಿಳಿಯುವುದೇ ಇಲ್ಲ, ಮೊದಲಿನಿಂದಲೂ ಕಷ್ಟಪಟ್ಟು ಹಿಡಿಯುತ್ತಿದ್ದ ಅಂಚಿನ ರೇಡಿಯೋಗಳು ಮಾತ್ರ ಕೈಬಿಡುತ್ತವೆ. ಆದ್ದರಿಂದ ಅಂಚಿನ ಊರುಗಳಲ್ಲಿ ಇಬ್ಬರು ಮೂವರು ಕಾಯಂ ಕೇಳುಗರ ಸಂಪರ್ಕ ಇಟ್ಟುಕೊಂಡಿರುವುದು ಒಳ್ಳೆಯ ಮೀಟರೊಂದನ್ನು ಇಟ್ಟುಕೊಂಡಷ್ಟೇ ಉಪಯುಕ್ತ.

ಹೀಗೆ ಶಕ್ತಿ ಇಳಿದಾಗ ಅಥವಾ ಪ್ರಸಾರ ನಿಂತಾಗ "ಟ್ರಾನ್ಸ್‌ಮಿಟರ್ ಕೆಟ್ಟಿತು" ಎಂದು ತೀರ್ಮಾನಿಸುವುದು ಬಹಳ ಸಲ ತಪ್ಪಾಗುತ್ತದೆ. ಇಂದಿನ ಟ್ರಾನ್ಸ್‌ಮಿಟರುಗಳಲ್ಲಿ ಒಂದು ಕಂಟ್ರೋಲ್ ಬೋರ್ಡ್ ಕುಳಿತು ಉಷ್ಣತೆ, ಕರೆಂಟ್, ಆಂಟೆನಾದಿಂದ ಹಿಂತಿರುಗುವ ಶಕ್ತಿ ಇವುಗಳನ್ನು ಸದಾ ನೋಡುತ್ತಿರುತ್ತದೆ, ಮತ್ತು ಅಪಾಯ ಕಂಡ ಕೂಡಲೇ ತಾನಾಗಿಯೇ ಶಕ್ತಿಯನ್ನು ತಗ್ಗಿಸುತ್ತದೆ. ಶಕ್ತಿ ಇಳಿದದ್ದು ಎಲ್ಲೋ ಬೇರೆಡೆ ಇರುವ ದೋಷದ ಕುರಿತು ಆ ಬೋರ್ಡು ಕೊಡುತ್ತಿರುವ ಸಾಕ್ಷಿಯಾಗಿರಬಹುದು. ಬೋರ್ಡು ಯಾಕೆ ಹಾಗೆ ಮಾಡಿತೆಂಬುದನ್ನು ಓದಿಕೊಳ್ಳುವ ಕ್ರಮವನ್ನು ಇಲ್ಲಿ ವಿವರಿಸಲಾಗಿದೆ. ಉದಾಹರಣೆಯ ಅಂಕಿಗಳು 50 ವ್ಯಾಟ್‌ನ ಸಾಲಿಡ್ ಸ್ಟೇಟ್ ಟ್ರಾನ್ಸ್‌ಮಿಟರನ್ನು ಕುರಿತವು. ನಿಖರವಾದ ಮಿತಿಗಳು ಪ್ರತಿ ತಯಾರಿಕೆಗೂ ಬೇರೆಯಾಗಿರುವುದರಿಂದ ನಿಮ್ಮ ಯಂತ್ರದ ಕೈಪಿಡಿಯ ಮಾತೇ ಕೊನೆಯದು.

ಮುಟ್ಟುವ ಮೊದಲು

ರಿಸೆಟ್ ಗುಂಡಿಯನ್ನು ಒತ್ತುವ ಮುನ್ನ ಪರದೆಯ ಮೇಲಿರುವ ಎಲ್ಲವನ್ನೂ ಬರೆದುಕೊಳ್ಳಬೇಕು ಅಥವಾ ಮೊಬೈಲಿನಲ್ಲಿ ಫೋಟೋ ತೆಗೆದುಕೊಳ್ಳಬೇಕು. ಅನೇಕ ಯಂತ್ರಗಳಲ್ಲಿ ರಿಸೆಟ್ ಮಾಡಿದೊಡನೆ ಮೊದಲ ದೋಷದ ಗುರುತು ಅಳಿಸಿಹೋಗುತ್ತದೆ, ಅದರೊಂದಿಗೆ ಅರ್ಧ ಪತ್ತೇದಾರಿಯೂ ಮಣ್ಣುಪಾಲಾಗುತ್ತದೆ.

ಟ್ರಾನ್ಸ್‌ಮಿಟರ್ ಚಾಲೂ ಇರುವಾಗ ಆಂಟೆನಾದ ಕೇಬಲ್ಲನ್ನು ಎಂದಿಗೂ ಬಿಚ್ಚಬಾರದು. ಬಿಚ್ಚಿದರೆ ಔಟ್‌ಪುಟ್ ಟ್ರಾನ್ಸಿಸ್ಟರ್ ಸುಡಬಹುದು, ಕನೆಕ್ಟರಿನ ನಡುವಿನ ಪಿನ್ ತಾಗಿದರೆ ಬೆರಳೂ ಸುಡುತ್ತದೆ. ಆರ್‌ಎಫ್ (ರೇಡಿಯೋ ತರಂಗದ ಶಕ್ತಿ) ಸುಟ್ಟ ಗಾಯ ಮೇಲೆ ಚಿಕ್ಕದಾಗಿ ಕಂಡರೂ ಒಳಗೆ ಆಳವಾಗಿರುತ್ತದೆ. ಗೋಪುರ ಹತ್ತುವ ಮೊದಲು ಯಂತ್ರವನ್ನು ಆರಿಸಿ, ಪ್ಲಗ್ ಕಿತ್ತು, ಯಾರೂ ಮತ್ತೆ ಹಾಕದಂತೆ ಅದನ್ನು ಬೀಗದೊಳಗಿಟ್ಟು, ಬೀಗದ ಕೈ ಹತ್ತುವವರ ಜೇಬಿನಲ್ಲಿಯೇ ಇರುವಂತೆ ನೋಡಿಕೊಳ್ಳುವುದು ಕ್ಷೇಮ. ಗುಡುಗು ಕೇಳಿಸುತ್ತಿದ್ದರೆ ಗೋಪುರವನ್ನಾಗಲಿ, ಅದರಿಂದ ಇಳಿದು ಬಂದ ಕೇಬಲ್ಲನ್ನಾಗಲಿ ಮುಟ್ಟಬಾರದು. ಏಪ್ರಿಲ್, ಮೇ ತಿಂಗಳ ಅಡ್ಡಮಳೆಯಲ್ಲಿ ಮೋಡ ದೂರ ಕಂಡರೂ ಸಿಡಿಲು ಹತ್ತಿರ ಬೀಳಬಹುದು.

ಪೆಟ್ಟಿಗೆಯ ಮುಚ್ಚಳ ತೆಗೆಯುವುದು ತರಬೇತಿ ಪಡೆದವರ ಕೆಲಸ. ಪವರ್ ಸಪ್ಲೈಯ ಕೆಪಾಸಿಟರುಗಳು ಕರೆಂಟ್ ತೆಗೆದ ಮೇಲೂ ಚಾರ್ಜ್ ಹಿಡಿದಿಟ್ಟುಕೊಂಡಿರುತ್ತವೆ. ಕೆಲವು ಆರ್‌ಎಫ್ ಟ್ರಾನ್ಸಿಸ್ಟರುಗಳ ಮತ್ತು ಲೋಡ್ ರೆಸಿಸ್ಟರುಗಳ ಬಿಳಿಯ ಪಿಂಗಾಣಿ ಭಾಗದಲ್ಲಿ ಬೆರಿಲಿಯಂ ಆಕ್ಸೈಡ್ ಇರುತ್ತದೆ. ಅದರ ಪುಡಿ ಉಸಿರಿನೊಡನೆ ಒಳಹೋದರೆ ಶ್ವಾಸಕೋಶಕ್ಕೆ ಗಂಭೀರ ಹಾನಿಯಾಗುವುದರಿಂದ, ಸುಟ್ಟ ಭಾಗವನ್ನು ಒಡೆಯುವುದು, ಉಜ್ಜುವುದು, ಗೀರುವುದು ಕೂಡದು.

ಪೆಟ್ಟಿಗೆಯೊಳಗೆ ತೀರ್ಮಾನವಾಗುವ ಬಗೆ

ತರಂಗಕ್ಕೆ ಕೊನೆಯದಾಗಿ ಶಕ್ತಿ ತುಂಬುವ ಔಟ್‌ಪುಟ್ ಹಂತ ಮತ್ತು ಆಂಟೆನಾ ಸಾಕೆಟ್ಟಿನ ನಡುವೆ ಡೈರೆಕ್ಷನಲ್ ಕಪ್ಲರ್ ಎಂಬ ಸಣ್ಣ ಭಾಗವಿದೆ. ಆಂಟೆನಾ ಕಡೆಗೆ ಹೋಗುವ ಶಕ್ತಿಯ ಒಂದು ಎಳ್ಳಷ್ಟು ಅಂಶವನ್ನೂ, ಅಲ್ಲಿಂದ ಹಿಂತಿರುಗಿ ಬರುವ ಶಕ್ತಿಯ ಅಷ್ಟೇ ಅಂಶವನ್ನೂ ಅದು ಬೇರೆ ಬೇರೆಯಾಗಿ ಎತ್ತಿಕೊಳ್ಳುತ್ತದೆ, ಡಯೋಡುಗಳು ಇವೆರಡನ್ನೂ ವೋಲ್ಟೇಜಾಗಿ ಪರಿವರ್ತಿಸುತ್ತವೆ. ಪರದೆಯ ಮೇಲೆ ಕಾಣುವ ಫಾರ್ವರ್ಡ್ (ಹೋಗುವ) ಮತ್ತು ರಿಫ್ಲೆಕ್ಟೆಡ್ (ಹಿಂತಿರುಗುವ) ಅಂಕಿಗಳನ್ನು ಬೋರ್ಡು ಲೆಕ್ಕ ಹಾಕುವುದು ಈ ವೋಲ್ಟೇಜುಗಳಿಂದಲೇ. ನೀವು 50 ವ್ಯಾಟ್ ಎಂದು ನಿಗದಿ ಮಾಡಿದರೆ ಬೋರ್ಡು ಫಾರ್ವರ್ಡ್ ಅಂಕಿಯನ್ನು ಅದರೊಡನೆ ಹೋಲಿಸಿ, ಕಡಿಮೆಯಿದ್ದರೆ ಔಟ್‌ಪುಟ್ ಹಂತವನ್ನು ಇನ್ನಷ್ಟು ಒತ್ತುತ್ತದೆ, ಹೆಚ್ಚಿದ್ದರೆ ಸಡಿಲಿಸುತ್ತದೆ. ಇದಕ್ಕೆ ಎಪಿಸಿ, ಅಂದರೆ ಸ್ವಯಂಚಾಲಿತ ಶಕ್ತಿ ನಿಯಂತ್ರಣ ಎನ್ನುತ್ತಾರೆ.

ಈ ಸುತ್ತಿನ ಜೊತೆಯಲ್ಲಿಯೇ ಬೇರೆ ಕಾವಲುಗಾರರಿದ್ದಾರೆ: ಹಿಂತಿರುಗುವ ಶಕ್ತಿಯ ಮಿತಿ, ಟ್ರಾನ್ಸಿಸ್ಟರಿನ ಬಿಸಿ ಹೀರುವ ಲೋಹದ ಭಾಗವಾದ ಹೀಟ್‌ಸಿಂಕಿನ ಉಷ್ಣತೆಯ ಮಿತಿ, ಔಟ್‌ಪುಟ್ ಹಂತದ ಕರೆಂಟಿನ ಮಿತಿ. ಮನೆಯಲ್ಲಿ ನಾಲ್ವರು ಹಿರಿಯರಿದ್ದು, ಎಲ್ಲರಿಗಿಂತ ಕಡಿಮೆ ಖರ್ಚು ಹೇಳಿದವರ ಮಾತೇ ನಡೆಯುವ ಹಾಗೆ, ಈ ನಾಲ್ಕರಲ್ಲಿ ಯಾವುದು ಅತಿ ಕಡಿಮೆ ಶಕ್ತಿ ಕೇಳುತ್ತದೆಯೋ ಅದರಂತೆ ಯಂತ್ರ ನಡೆಯುತ್ತದೆ. ಮಿತಿ ಸ್ವಲ್ಪ ಮೀರಿದರೆ ಶಕ್ತಿಯನ್ನು ಹಂತಹಂತವಾಗಿ ತಗ್ಗಿಸಲಾಗುತ್ತದೆ; ಇದನ್ನು ಫೋಲ್ಡ್‌ಬ್ಯಾಕ್ ಎನ್ನುತ್ತಾರೆ. ಬಹಳ ಮೀರಿದರೆ ಔಟ್‌ಪುಟ್ ತಕ್ಷಣ ಕಡಿತವಾಗುತ್ತದೆ, ಇದು ಟ್ರಿಪ್. ಟ್ರಿಪ್ ಆದ ಬಳಿಕ ಯಂತ್ರ ಕೆಲವು ಸೆಕೆಂಡು ಕಾದು ಮತ್ತೆ ಪ್ರಯತ್ನಿಸುತ್ತದೆ, ಸಾಮಾನ್ಯವಾಗಿ ಮೂರು ನಾಲ್ಕು ಪ್ರಯತ್ನಗಳೂ ವಿಫಲವಾದರೆ ತನ್ನನ್ನು ತಾನೇ ಬೀಗ ಹಾಕಿಕೊಂಡು ಮನುಷ್ಯರು ಬರುವವರೆಗೆ ಕಾಯುತ್ತದೆ. ಈ ಬೀಗವನ್ನು ಪದೇ ಪದೇ ರಿಸೆಟ್ ಮಾಡಿ ತೆಗೆಯುವುದು, ಬಿದ್ದ ಫ್ಯೂಜಿಗೆ ದಪ್ಪ ತಂತಿ ಸುತ್ತುವುದಕ್ಕೆ ಸಮ.

ಒಂದೇ ಬಾರಿಗೆ ಹಲವು ದೀಪಗಳು ಕೆಂಪಾಗಿದ್ದರೆ ಹೆದರಬೇಕಾಗಿಲ್ಲ. ಹಿಂತಿರುಗುವ ಶಕ್ತಿ ಹೆಚ್ಚಿ ಔಟ್‌ಪುಟ್ ಕಡಿತವಾದರೆ, ಅದರ ಹಿಂದೆಯೇ 'ಶಕ್ತಿ ಕಡಿಮೆ', 'ಕರೆಂಟ್ ಕಡಿಮೆ' ಎಂಬ ಎಚ್ಚರಿಕೆಗಳೂ ಬರುವುದು ಸಹಜ. ಸಮಯ ನಮೂದಿಸುವ ಲಾಗ್ ಇದ್ದರೆ ಎಲ್ಲಕ್ಕಿಂತ ಮೊದಲು ದಾಖಲಾದದ್ದನ್ನಷ್ಟೇ ಹಿಡಿಯಿರಿ, ಉಳಿದವು ಅದರ ಬಾಲ.

ಲಕ್ಷಣ: ದೀಪಗಳು ಉರಿಯುತ್ತಿವೆ, ಪ್ರಸಾರ ಇಲ್ಲ

ಮೊದಲು ಒಂದು ಸಣ್ಣ ರೇಡಿಯೋವನ್ನು ನಿಮ್ಮ ಆವರ್ತನಕ್ಕೆ ತಿರುಗಿಸಿ ಕೇಳಿ, ಇದಕ್ಕೆ ಖರ್ಚಿಲ್ಲ. ಸದ್ದೇ ಇಲ್ಲದೆ ನಿಶ್ಶಬ್ದವಾಗಿದ್ದರೆ ವಾಹಕ ತರಂಗ ಹೊರಡುತ್ತಿದೆ, ಧ್ವನಿ ಮಾತ್ರ ತಲುಪುತ್ತಿಲ್ಲ. ಆಗ ತೊಂದರೆ ಸ್ಟುಡಿಯೋದಿಂದ ಬರುವ ಆಡಿಯೋ ತಂತಿಯಲ್ಲಿ, ಮಿಕ್ಸರಿನಲ್ಲಿ ಅಥವಾ ಲಿಂಕಿನಲ್ಲಿದೆ. ಖಾಲಿ ಸ್ಟೇಷನ್ನಿನ ಸರ್ರೆನ್ನುವ ಸದ್ದು ಬಂದರೆ ಮಾತ್ರ ಟ್ರಾನ್ಸ್‌ಮಿಟರಿನ ಕಡೆ ತಿರುಗಿ.

ನಂತರ ಇಂಟರ್‌ಲಾಕ್, ಅಂದರೆ ಸುರಕ್ಷತೆಯ ಸ್ವಿಚ್ಚುಗಳ ಸುತ್ತನ್ನು ನೋಡಿ. ಯಂತ್ರದ ಹಿಂಬದಿಯಲ್ಲಿ ಎರಡು ಟರ್ಮಿನಲ್ಲುಗಳ ನಡುವೆ ಒಂದು ತಂತಿ, ಅಥವಾ ಬಾಗಿಲಿನ ಸ್ವಿಚ್ಚು, ಡಮ್ಮಿ ಲೋಡಿನ (ಪರೀಕ್ಷೆಗಾಗಿ ಆಂಟೆನಾದ ಬದಲು ಹಚ್ಚುವ, ಶಕ್ತಿಯನ್ನೆಲ್ಲ ಬಿಸಿಯಾಗಿಸಿ ನುಂಗುವ ರೆಸಿಸ್ಟರ್) ಉಷ್ಣ ಸ್ವಿಚ್ಚು ಇವುಗಳನ್ನು ಹಾದುಬರುವ ಸುತ್ತು ಇರುತ್ತದೆ. ಈ ಸುತ್ತು ಕಡಿದರೆ ಬೋರ್ಡು ಔಟ್‌ಪುಟ್ಟಿಗೆ ಅನುಮತಿಯನ್ನೇ ಕೊಡುವುದಿಲ್ಲ, ಉಳಿದದ್ದೆಲ್ಲ ಸರಿಯಾಗಿ ಕಾಣುತ್ತದೆ. ಸ್ಕ್ರೂ ಸಡಿಲವಾಗಿರುವುದು, ಇಲಿ ತಂತಿ ಕಡಿದಿರುವುದು ಇಲ್ಲಿನ ಸಾಮಾನ್ಯ ಕಾರಣಗಳು. ತಂತಿಯನ್ನು ಸರಿಪಡಿಸಬೇಕೇ ಹೊರತು ಸುರಕ್ಷತೆಯ ಸ್ವಿಚ್ಚನ್ನು ಕಾಯಮ್ಮಾಗಿ ಶಾರ್ಟ್ ಮಾಡಿ ಬಿಡಬಾರದು.

ಇಂಟರ್‌ಲಾಕ್ ಸರಿಯಿದ್ದು 'ಪಿಎಲ್‌ಎಲ್' ಅಥವಾ 'ಲಾಕ್' ದೀಪ ಹಸಿರಾಗದಿದ್ದರೆ, ಆವರ್ತನ ಇನ್ನೂ ಸ್ಥಿರವಾಗಿಲ್ಲವೆಂದು ಬೋರ್ಡು ಔಟ್‌ಪುಟ್ಟನ್ನು ತಡೆದಿದೆ ಎಂದರ್ಥ. ಚಾಲೂ ಮಾಡಿದ ಕೆಲವು ಸೆಕೆಂಡು ಇದು ಸಹಜ. ನಿಮಿಷವಾದರೂ ಲಾಕ್ ಆಗದಿದ್ದರೆ ಅದು ತರಂಗ ಹುಟ್ಟಿಸುವ ಭಾಗವಾದ ಎಕ್ಸೈಟರಿನ ದೋಷ. ಸೇವಾ ಎಂಜಿನಿಯರಿಗೆ ಬಿಡಿ. ಈ ತಡೆ ಇಲ್ಲದಿದ್ದರೆ ಅಲೆದಾಡುವ ತರಂಗ ಬೇರೆಯವರ ಆವರ್ತನದ ಮೇಲೆ, ಕೆಲವೊಮ್ಮೆ 108 ಮೆಗಾಹರ್ಟ್ಸ್‌ಗಿಂತ ಮೇಲಿರುವ ವಿಮಾನಗಳ ಪಟ್ಟಿಯಲ್ಲಿಯೂ ಹೋಗಿ ಬೀಳಬಹುದು.

ಲಕ್ಷಣ: ಶಕ್ತಿ ಇಳಿದು ಅಲ್ಲಿಯೇ ನಿಂತಿದೆ

ಇಲ್ಲಿ ಎಲ್ಲಕ್ಕಿಂತ ಹೆಚ್ಚು ಮಾತಾಡುವ ಅಂಕಿ ಎಪಿಸಿ ವೋಲ್ಟೇಜು, ಅಂದರೆ ಔಟ್‌ಪುಟ್ ಹಂತವನ್ನು ಎಷ್ಟು ಒತ್ತಬೇಕೆಂದು ಬೋರ್ಡು ಕಳಿಸುವ ವೋಲ್ಟೇಜು. ಮೆನುವಿನಲ್ಲಿ ಅದನ್ನು ತೋರಿಸುವ ಯಂತ್ರವಿದ್ದರೆ ನೀವು ಅದೃಷ್ಟವಂತರು. ಶಕ್ತಿ ನಿಗದಿಗಿಂತ ಕಡಿಮೆಯಿದ್ದು ಈ ವೋಲ್ಟೇಜೂ ಕಡಿಮೆಯಿದ್ದರೆ, ಬೋರ್ಡು ಬೇಕೆಂದೇ ಹಿಡಿದು ನಿಲ್ಲಿಸಿದೆ. ಯಾವ ಕಾವಲುಗಾರ ಹಿಡಿದಿದ್ದಾನೆಂದು ಹುಡುಕಬೇಕು. ಶಕ್ತಿ ಕಡಿಮೆಯಿದ್ದು ವೋಲ್ಟೇಜು ತನ್ನ ಗರಿಷ್ಠ ಮಟ್ಟಕ್ಕೆ ಹೋಗಿ ನಿಂತಿದ್ದರೆ, ಬೋರ್ಡು ಸಾಧ್ಯವಾದಷ್ಟೂ ಒತ್ತುತ್ತಿದೆ, ಔಟ್‌ಪುಟ್ ಹಂತಕ್ಕೆ ಮಾತ್ರ ಕಸುವಿಲ್ಲ. ಮೊದಲನೆಯದರಲ್ಲಿ ದೋಷ ಬಹುಪಾಲು ಪೆಟ್ಟಿಗೆಯ ಹೊರಗಿರುತ್ತದೆ, ಎರಡನೆಯದರಲ್ಲಿ ಒಳಗೆ. ಕೆಲವು ವಿನ್ಯಾಸಗಳಲ್ಲಿ ಈ ವೋಲ್ಟೇಜು ತಿರುವುಮುರುವಾಗಿ ಕೆಲಸ ಮಾಡುತ್ತದೆ, ಅಂದರೆ ವೋಲ್ಟೇಜು ಏರಿದಂತೆ ಶಕ್ತಿ ಇಳಿಯುತ್ತದೆ. ಆದ್ದರಿಂದ ಯಂತ್ರ ಆರೋಗ್ಯವಾಗಿದ್ದಾಗಿನ ಅಂಕಿಯನ್ನು ಬರೆದಿಟ್ಟುಕೊಂಡಿಲ್ಲದವರಿಗೆ ಈ ಪರೀಕ್ಷೆಯ ಫಲ ಅರ್ಧ ಮಾತ್ರ.

ಎಪಿಸಿ ಅಂಕಿ ಕಾಣದ ಯಂತ್ರಗಳಲ್ಲಿ ಔಟ್‌ಪುಟ್ ಹಂತದ ವೋಲ್ಟೇಜು ಮತ್ತು ಕರೆಂಟನ್ನು ಗುಣಿಸಿ ನೋಡಿ. 28 ವೋಲ್ಟ್‌ನಲ್ಲಿ 2.8 ಆಂಪಿಯರ್ ಎಂದರೆ ಸುಮಾರು 78 ವ್ಯಾಟ್ ಒಳಗೆ ಹೋಗುತ್ತಿದೆ. ಹೊರಗೆ 50 ವ್ಯಾಟ್ ಬಂದರೆ ದಕ್ಷತೆ 64 ಪ್ರತಿಶತ, ಇದು ಆರೋಗ್ಯದ ಲಕ್ಷಣ. ಶಕ್ತಿ 30 ವ್ಯಾಟ್‌ಗೆ ಇಳಿದಾಗ ಕರೆಂಟೂ ಅದರೊಡನೆ ಇಳಿದಿದ್ದರೆ ಯಾವುದೋ ಕಾವಲುಗಾರ ತಗ್ಗಿಸಿದ್ದಾನೆ. ಶಕ್ತಿ 30ಕ್ಕೆ ಇಳಿದರೂ ಕರೆಂಟ್ ಹಾಗೆಯೇ 2.8 ಆಂಪಿಯರಿನಲ್ಲಿ ನಿಂತಿದ್ದರೆ ಉಳಿದ 48 ವ್ಯಾಟ್ ಬಿಸಿಯಾಗಿ ಹೀಟ್‌ಸಿಂಕಿಗೆ ಸೇರುತ್ತಿದೆ. ಆಗ ಯಂತ್ರವನ್ನು ಆರಿಸಿ ಎಂಜಿನಿಯರನ್ನು ಕರೆಯಬೇಕು, ಇಲ್ಲವಾದರೆ ಸಂಜೆಯೊಳಗೆ ಟ್ರಾನ್ಸಿಸ್ಟರ್ ಹೋಗಬಹುದು.

ದೊಡ್ಡ ಟ್ರಾನ್ಸ್‌ಮಿಟರುಗಳಲ್ಲಿ ಎರಡು ಸಮಾನ ಮಾಡ್ಯೂಲುಗಳನ್ನು ಹೈಬ್ರಿಡ್ ಕಂಬೈನರ್ ಮೂಲಕ ಸೇರಿಸಿರುತ್ತಾರೆ. ಅಲ್ಲಿ ಒಂದು ಮಾಡ್ಯೂಲ್ ಸತ್ತರೆ ಶಕ್ತಿ ಅರ್ಧವಲ್ಲ, ಕಾಲು ಭಾಗಕ್ಕೆ ಇಳಿಯುತ್ತದೆ, ಏಕೆಂದರೆ ಬದುಕಿರುವ ಮಾಡ್ಯೂಲಿನ ಅರ್ಧ ಶಕ್ತಿಯನ್ನು ಕಂಬೈನರಿಗೆ ಹಚ್ಚಿರುವ ಬ್ಯಾಲೆನ್ಸ್ ಲೋಡ್ ಎಂಬ ರೆಸಿಸ್ಟರ್ ನುಂಗುತ್ತದೆ. ಮೀಟರು ಸರಿಯಾಗಿ 25 ಪ್ರತಿಶತದ ಹತ್ತಿರ ನಿಂತಿದ್ದರೆ ಮೊದಲ ಅನುಮಾನ ಅದರ ಮೇಲಿರಲಿ.

ಲಕ್ಷಣ: ಹಿಂತಿರುಗುವ ಶಕ್ತಿ ಹೆಚ್ಚು ತೋರಿಸುತ್ತಿದೆ

ಅಂಕಿಗಳ ಅರ್ಥ ಮೊದಲು ತಿಳಿಯಲಿ. ಆಂಟೆನಾ ಎಷ್ಟು ಸರಿಯಾಗಿ ಹೊಂದಿಕೊಂಡಿದೆ ಎಂಬುದರ ಅಳತೆ ವಿಎಸ್‌ಡಬ್ಲ್ಯೂಆರ್; ಏನೂ ಹಿಂತಿರುಗದಿದ್ದರೆ ಅದು 1. 50 ವ್ಯಾಟ್ ಹೋಗಿ 2 ವ್ಯಾಟ್ ಹಿಂತಿರುಗಿದರೆ ಅದು 1.5, ಇದು ನಡೆಯುವಂಥದ್ದು. ಸುಮಾರು 5.5 ವ್ಯಾಟ್ ಹಿಂತಿರುಗಿದರೆ ಅದು 2, ಹೆಚ್ಚಿನ ಯಂತ್ರಗಳು ಈ ಆಸುಪಾಸಿನಲ್ಲಿ ತಗ್ಗಲು ಆರಂಭಿಸುತ್ತವೆ. 12.5 ವ್ಯಾಟ್ ಹಿಂತಿರುಗಿದರೆ ಅದು 3, ಅಲ್ಲಿ ಟ್ರಿಪ್ ಆಗದ ಯಂತ್ರವನ್ನು ನಂಬುವುದು ಕಷ್ಟ.

ಈ ಅಂಕಿ ನಿಜವೇ ಸುಳ್ಳೇ ಎಂದು ಮೊದಲು ಕೇಳಿಕೊಳ್ಳಿ. ಶಕ್ತಿಯನ್ನು 10, 20, 40 ವ್ಯಾಟ್‌ಗೆ ಏರಿಸುತ್ತ ಹಿಂತಿರುಗುವುದನ್ನು ಬರೆಯಿರಿ. 0.4, 0.8, 1.6 ಎಂದು ಅದೇ ಪ್ರಮಾಣದಲ್ಲಿ ಏರಿದರೆ ಆಂಟೆನಾ ಅಥವಾ ಕೇಬಲ್ಲಿನ ಸ್ಥಿರವಾದ ದೋಷ. ಒಂದು ಮಟ್ಟದವರೆಗೆ ಸರಿಯಿದ್ದು ನಂತರ ಥಟ್ಟನೆ ಜಿಗಿದರೆ ಎಲ್ಲೋ ಕಿಡಿ ಹಾರುತ್ತಿದೆ. ಶಕ್ತಿ ಬದಲಿಸದಿದ್ದರೂ ನಿಮಿಷ ನಿಮಿಷಕ್ಕೆ ಏರುತ್ತಿದ್ದರೆ ಯಾವುದೋ ಕನೆಕ್ಟರ್ ಬಿಸಿಯಾಗುತ್ತಿದೆ; ಯಂತ್ರ ಆರಿಸಿ ಕನೆಕ್ಟರುಗಳನ್ನು ಕೈಯಿಂದ ಮುಟ್ಟಿ ನೋಡಿದರೆ ಅದು ತಾನಾಗಿಯೇ ಸಿಕ್ಕಿಬೀಳುತ್ತದೆ. ಶಕ್ತಿ ಎಷ್ಟೇ ಬದಲಿಸಿದರೂ ಹಿಂತಿರುಗುವುದು ಅದೇ 3 ವ್ಯಾಟ್‌ನಲ್ಲಿ ಕಲ್ಲಿನಂತೆ ನಿಂತಿದ್ದರೆ ಅಳೆಯುವ ಡಯೋಡನ್ನೇ ಅನುಮಾನಿಸಿ, ಇಲ್ಲವೇ ಪಕ್ಕದ ಬೇರೊಂದು ಟ್ರಾನ್ಸ್‌ಮಿಟರಿನ ತರಂಗ ನಿಮ್ಮ ಆಂಟೆನಾದಿಂದ ಒಳಗೆ ಬರುತ್ತಿರಬಹುದು.

ಈ ಕೊನೆಯ ಮಾತನ್ನು ನಾನು ಕಲಿತದ್ದು ಹಣ ಕಳೆದುಕೊಂಡು. ಸಿಡಿಲಿನ ಮರುದಿನ ಒಂದು ಕೇಂದ್ರದಲ್ಲಿ ರಿಫ್ಲೆಕ್ಟೆಡ್ ಅಂಕಿ 3ರ ಹತ್ತಿರ ನಿಂತಿತ್ತು. ಎರಡು ಸಲ ಆಳು ಹತ್ತಿಸಿ ಮೇಲಿನ ಕನೆಕ್ಟರ್ ಬಿಚ್ಚಿ ಕಟ್ಟಿಸಿದೆ, ಏನೂ ಬದಲಾಗಲಿಲ್ಲ. ಮೂರನೆಯ ದಿನ ಡಮ್ಮಿ ಲೋಡ್ ಹಚ್ಚಿದಾಗ ಅಲ್ಲಿಯೂ ಅದೇ 3. ಸರಿಯಿರುವ ಡಮ್ಮಿ ಲೋಡಿನಿಂದ ಶಕ್ತಿ ಹೆಚ್ಚುಕಡಿಮೆ ಹಿಂತಿರುಗುವುದೇ ಇಲ್ಲವಾದ್ದರಿಂದ ಸುಳ್ಳು ಹೇಳುತ್ತಿದ್ದದ್ದು ಕಪ್ಲರಿನ ಡಯೋಡು. ಹತ್ತು ನಿಮಿಷದ ಆ ಪರೀಕ್ಷೆಯನ್ನು ಮೊದಲೇ ಮಾಡಿದ್ದರೆ ಯಾರೂ ಗೋಪುರ ಹತ್ತಬೇಕಾಗಿರಲಿಲ್ಲ.

ಹಾಗಾಗಿ ಸಾಕಷ್ಟು ವ್ಯಾಟಿನ 50 ಓಮ್ ಡಮ್ಮಿ ಲೋಡ್ ಪ್ರತಿ ಕೇಂದ್ರದಲ್ಲಿಯೂ ಇರಬೇಕು. ಯಂತ್ರ ಆರಿಸಿ, ಆಂಟೆನಾ ಕೇಬಲ್ ಬಿಚ್ಚಿ, ಲೋಡ್ ಹಚ್ಚಿ, 10 ವ್ಯಾಟ್‌ನಿಂದ ಆರಂಭಿಸಿ ಪೂರ್ಣ ಶಕ್ತಿಗೆ ಏರಿಸಿ. ಲೋಡಿನ ಮೇಲೆ ಎಲ್ಲವೂ ಸರಿಯಾಗಿದ್ದರೆ ದೋಷ ಹೊರಗಿದೆ, ಅಲ್ಲಿಯೂ ತೊಂದರೆ ಕೊಟ್ಟರೆ ಒಳಗಿದೆ. ಹೊರಗಿದ್ದರೆ ಮೊದಲು ಕೈಗೆ ಸಿಗುವ ಕೆಳಗಿನ ಕನೆಕ್ಟರುಗಳು, ಸಿಡಿಲು ನಿರೋಧಕ, ನಂತರ ಕೇಬಲ್ಲಿನ ಬಾಗುಗಳು, ಕೊನೆಗೆ ಮೇಲಿನ ಕನೆಕ್ಟರ್ ಮತ್ತು ಆಂಟೆನಾ, ಈ ಕ್ರಮದಲ್ಲಿ ಹೋಗಿ. ಮಲ್ಟಿಮೀಟರಿನಲ್ಲಿ ಆಂಟೆನಾ ಅಳೆದು ಶಾರ್ಟ್ ತೋರಿಸಿತೆಂದು ಗಾಬರಿಯಾಗಬೇಡಿ: ಎಷ್ಟೋ ಆಂಟೆನಾಗಳು ಡಿಸಿಗೆ ಶಾರ್ಟ್ ಆಗಿರುವಂತೆಯೇ ರಚನೆಯಾಗಿರುತ್ತವೆ.

ಲಕ್ಷಣ: ಮಳೆ ಬಂದಾಗ ಅಥವಾ ಬೆಳಗಿನ ಇಬ್ಬನಿಯಲ್ಲಿ ಮಾತ್ರ ಟ್ರಿಪ್

ನೀರು ಕನೆಕ್ಟರಿನೊಳಗೆ ಹೋಗಿದೆ. ಖಾನಾಪುರದ ಕಡೆ ಮಳೆಗಾಲ ಪೂರ್ತಿ ತೇವವಿರುವುದರಿಂದ ಹೀಗಾಗುತ್ತದೆ. ಇಂಡಿ, ಸಿಂದಗಿ, ಬೀಳಗಿಗಳಲ್ಲಿ ಕಾರಣ ಬೇರೆ: ಬೇಸಿಗೆಯ ಬಿಸಿಲಿಗೆ ಟೇಪು ಒಣಗಿ ಬಿರುಕು ಬಿಟ್ಟಿರುತ್ತದೆ, ಅಡ್ಡಮಳೆಯ ಮೊದಲ ಹನಿಯೇ ದಾರಿ ಹುಡುಕಿಕೊಳ್ಳುತ್ತದೆ. ಮಧ್ಯಾಹ್ನದ ಬಿಸಿಲಿಗೆ ಒಣಗಿದೊಡನೆ ಯಂತ್ರ ಮತ್ತೆ ಸರಿಹೋಗುವುದರಿಂದ ಜನ ಇದನ್ನು ಮರೆತುಬಿಡುತ್ತಾರೆ, ಒಳಗೆ ತಾಮ್ರಕ್ಕೆ ಹಸಿರು ಹಿಡಿಯುತ್ತಲೇ ಇರುತ್ತದೆ. ಕನೆಕ್ಟರ್ ಬದಲಿಸಿ, ತಾನಾಗಿಯೇ ಬೆಸೆದುಕೊಳ್ಳುವ ರಬ್ಬರ್ ಟೇಪು ಸುತ್ತಿ, ಅದರ ಮೇಲೆ ಬಿಸಿಲು ತಡೆಯುವ ಪಿವಿಸಿ ಟೇಪನ್ನು ಕೆಳಗಿನಿಂದ ಮೇಲಕ್ಕೆ ಸುತ್ತಬೇಕು. ಹಂಚಿನ ಮನೆಯಲ್ಲಿ ಮೇಲಿನ ಹಂಚು ಕೆಳಗಿನದರ ಮೇಲೆ ಕೂಡುವಂತೆ ಪ್ರತಿ ಸುತ್ತೂ ಕೆಳಗಿನ ಸುತ್ತನ್ನು ಮುಚ್ಚಿದರೆ ನೀರು ಜಾರಿಹೋಗುತ್ತದೆ. ಕೇಬಲ್ ಕಟ್ಟಡದೊಳಗೆ ಬರುವ ಮೊದಲು ಕೆಳಗೆ ಒಂದು ಬಾಗು ಕೊಟ್ಟರೆ ಹರಿದು ಬಂದ ನೀರು ಅಲ್ಲಿಯೇ ತೊಟ್ಟಿಕ್ಕುತ್ತದೆ.

ಲಕ್ಷಣ: ಮೀಟರು ಎಲ್ಲ ಸರಿ ಎನ್ನುತ್ತದೆ, ಕೇಳುಗರಿಗೆ ಕೇಳುವುದಿಲ್ಲ

ಇದು ಎಲ್ಲಕ್ಕಿಂತ ಮೋಸದ ದೋಷ. ಸುಮಾರು 30 ಮೀಟರ್ ಉದ್ದದ ಒಳ್ಳೆಯ ಅರ್ಧ ಇಂಚಿನ ಫೀಡರ್ ಕೇಬಲ್ಲಿನಲ್ಲಿ 100 ಮೆಗಾಹರ್ಟ್ಸ್ ಸುತ್ತಮುತ್ತ ನಷ್ಟ 0.7 ಡೆಸಿಬೆಲ್ ಆಸುಪಾಸಿನಲ್ಲಿರುತ್ತದೆ, ಅಂದರೆ 50 ವ್ಯಾಟ್‌ನಲ್ಲಿ ಸುಮಾರು 42 ಮೇಲೆ ತಲುಪುತ್ತದೆ. ಅದೇ ಕೇಬಲ್ ನೀರು ಕುಡಿದು ನಷ್ಟ 6 ಡೆಸಿಬೆಲ್‌ಗೆ ಏರಿತೆನ್ನಿ. ಮೇಲೆ ತಲುಪುವುದು 12.5 ವ್ಯಾಟ್ ಮಾತ್ರ. ಆಂಟೆನಾ ಪೂರ್ತಿ ಕಡಿದುಹೋಗಿ ಆ 12.5 ವ್ಯಾಟ್ ಅಷ್ಟೂ ಹಿಂತಿರುಗಿದರೂ ಬರುವ ದಾರಿಯಲ್ಲಿ ಮತ್ತೆ ಕಾಲು ಭಾಗವಾಗಿ ಕೆಳಗೆ 3 ವ್ಯಾಟ್ ಕಾಣುತ್ತದೆ, ವಿಎಸ್‌ಡಬ್ಲ್ಯೂಆರ್ 1.7 ಸಹ ಮುಟ್ಟುವುದಿಲ್ಲ. ಆಂಟೆನಾವೇ ಇಲ್ಲದಿದ್ದರೂ ಕಂಟ್ರೋಲ್ ಬೋರ್ಡು ನೆಮ್ಮದಿಯಿಂದಿರುತ್ತದೆ! ಕೇಬಲ್ ಹಳೆಯದಾದಂತೆ ಹಿಂತಿರುಗುವ ಶಕ್ತಿ ಕಡಿಮೆಯಾಗುತ್ತ ಬಂದರೆ ಅದನ್ನು ಸುಧಾರಣೆಯೆಂದು ತಿಳಿಯಬಾರದು. ಕೇಬಲ್ಲಿನ ಮೇಲ್ತುದಿಗೆ ಡಮ್ಮಿ ಲೋಡ್ ಕಟ್ಟಿ ಎರಡೂ ತುದಿಗಳಲ್ಲಿ ವ್ಯಾಟ್‌ಮೀಟರಿನಿಂದ ಅಳೆಯುವುದು ಇದಕ್ಕಿರುವ ನಂಬಿಕಸ್ಥ ಪರೀಕ್ಷೆ.

ಇನ್ನೊಂದು ಸಾಧ್ಯತೆಯೂ ಇದೆ: ಫಾರ್ವರ್ಡ್ ಅಳೆಯುವ ಡಯೋಡು ಹೆಚ್ಚು ತೋರಿಸುತ್ತಿದ್ದರೆ ಎಪಿಸಿ ನಿಜವಾದ ಶಕ್ತಿಯನ್ನು ಇಳಿಸಿಬಿಡುತ್ತದೆ. ಡಯೋಡು ಕಡಿಮೆ ತೋರಿಸಿದರೆ ತದ್ವಿರುದ್ಧ: ಪರದೆಯಲ್ಲಿ 50, ಹೊರಗೆ 70, ಹೀಟ್‌ಸಿಂಕ್ ಕಾದ ಹೆಂಚು. ಎರಡನೆಯದು ಯಂತ್ರಕ್ಕೂ ಅಪಾಯ, ಪರವಾನಗಿಗೂ ಅಪಾಯ; ಸಮುದಾಯ ಬಾನುಲಿಗೆ ಸಾಮಾನ್ಯವಾಗಿ ಪರಿಣಾಮಕಾರಿ ವಿಕಿರಣ ಶಕ್ತಿಯ (ಆಂಟೆನಾದ ಗಳಿಕೆಯನ್ನೂ ಲೆಕ್ಕ ಹಿಡಿದು ಹೊರಸೂಸುವ ಶಕ್ತಿ) ಮಿತಿ 100 ವ್ಯಾಟ್. ವರ್ಷಕ್ಕೊಮ್ಮೆಯಾದರೂ ಹೊರಗಿನ ವ್ಯಾಟ್‌ಮೀಟರಿನೊಡನೆ ಪರದೆಯ ಅಂಕಿಯನ್ನು ತಾಳೆ ನೋಡಬೇಕು.

ಲಕ್ಷಣ: ಮಧ್ಯಾಹ್ನ ಇಳಿಯುತ್ತದೆ, ರಾತ್ರಿ ಸರಿಹೋಗುತ್ತದೆ

ಹೀಟ್‌ಸಿಂಕ್ ಕೋಣೆಗಿಂತ 30 ಡಿಗ್ರಿ ಹೆಚ್ಚು ಕಾಯುತ್ತದೆ ಎಂದಿಟ್ಟುಕೊಳ್ಳಿ. ಜನವರಿಯಲ್ಲಿ ಕೋಣೆ 25 ಇದ್ದಾಗ ಅದು 55. ಮೇ ತಿಂಗಳಲ್ಲಿ ವಿಜಯಪುರದ ತಗಡಿನ ಕೋಣೆ 42 ಮುಟ್ಟಿದಾಗ ಅದು 72, ಅಷ್ಟರಲ್ಲಿ ಉಷ್ಣತೆಯ ಫೋಲ್ಡ್‌ಬ್ಯಾಕ್ ಆರಂಭವಾಗಿರಬಹುದು. ಯಂತ್ರದಲ್ಲಿ ಏನೂ ಕೆಟ್ಟಿಲ್ಲ.

ಮೊದಲು ಗಾಳಿಯ ಫಿಲ್ಟರ್ ತೆಗೆದು ನೋಡಿ. ಜೋಳದ ರಾಶಿಯ ಕಾಲದಲ್ಲಿ ತೆನೆಯಿಂದ ಏಳುವ ಸುಂಕು, ಕಬ್ಬಿನ ಸೀಮೆಯಲ್ಲಿ ರವದಿ (ಒಣಗಿದ ಕಬ್ಬಿನ ಎಲೆ) ಸುಟ್ಟ ಕರಿ ಒಂದೇ ವಾರದಲ್ಲಿ ಫಿಲ್ಟರನ್ನು ಕಂಬಳಿ ಮಾಡಿಬಿಡುತ್ತವೆ. ಆಮೇಲೆ ಫ್ಯಾನು: ತಿರುಗುತ್ತಿದೆಯೇ ಎನ್ನುವುದಕ್ಕಿಂತ ಪೂರ್ಣ ವೇಗದಲ್ಲಿ ತಿರುಗುತ್ತಿದೆಯೇ ಎಂದು ನೋಡಬೇಕು. ಬಿಸಿಗಾಳಿ ಹೊರಹೋಗುವ ಕಿಂಡಿಯ ಮುಂದೆ ರಟ್ಟಿನ ಡಬ್ಬಿಗಳನ್ನು ಇಟ್ಟಿರುವ ಕೇಂದ್ರಗಳೂ ಉಂಟು. ಇವೆಲ್ಲ ಸರಿಯಿದ್ದೂ ಕೋಣೆ ತಂಪಾಗಿರುವಾಗಲೇ ಹೀಟ್‌ಸಿಂಕ್ ಹಿಂದಿಗಿಂತ ಹೆಚ್ಚು ಕಾಯುತ್ತಿದ್ದರೆ ದಕ್ಷತೆ ಕುಸಿದಿರಬೇಕು. ಮೇಲಿನ ಗುಣಾಕಾರಕ್ಕೆ ಹಿಂತಿರುಗಿ. ಉಷ್ಣತೆಯ ಮಿತಿಯನ್ನು ಮೆನುವಿನಲ್ಲಿ ಏರಿಸಿ ಪಾರಾಗಲು ನೋಡಬೇಡಿ. ಬೇಸಿಗೆಯ ಎರಡು ತಿಂಗಳು ಮಧ್ಯಾಹ್ನ ಶಕ್ತಿಯನ್ನು ನೀವೇ 35 ವ್ಯಾಟ್‌ಗೆ ನಿಗದಿ ಮಾಡಿಕೊಂಡರೆ ಅಂಚಿನವರಿಗೆ ಆಗುವ ನಷ್ಟ ಒಂದೂವರೆ ಡೆಸಿಬೆಲ್ ಮಾತ್ರ.

ಲಕ್ಷಣ: ನಿಲ್ಲುತ್ತದೆ, ಶುರುವಾಗುತ್ತದೆ, ಮತ್ತೆ ನಿಲ್ಲುತ್ತದೆ

ಗಡಿಯಾರ ಹಿಡಿದು ಕೂಡಿ, ಲಯವೇ ಉತ್ತರ ಹೇಳುತ್ತದೆ. ಕೆಲವು ಸೆಕೆಂಡಿಗೊಮ್ಮೆ ಪ್ರಯತ್ನಿಸಿ ಬೀಳುತ್ತಿದ್ದರೆ ಅದು ಹಿಂತಿರುಗುವ ಶಕ್ತಿ ಅಥವಾ ಮಿತಿಮೀರಿದ ಕರೆಂಟ್. ಹತ್ತಿಪ್ಪತ್ತು ನಿಮಿಷ ನಡೆದು, ನಿಂತು, ತಣ್ಣಗಾಗಿ ಮತ್ತೆ ಏಳುತ್ತಿದ್ದರೆ ಉಷ್ಣತೆ. ಯಾವ ಲಯವೂ ಇಲ್ಲದೆ ಬಿದ್ದು, ಪ್ರತಿ ಸಲವೂ ಪರದೆಯಲ್ಲಿ ಯಂತ್ರದ ಆರಂಭದ ಸಂದೇಶ ಮೂಡುತ್ತಿದ್ದರೆ ಕಂಟ್ರೋಲ್ ಬೋರ್ಡಿಗೇ ಕರೆಂಟ್ ತಪ್ಪುತ್ತಿದೆ.

ಈ ಮೂರನೆಯದು ನಮ್ಮ ಹಳ್ಳಿಗಳಲ್ಲಿ ಸಾಮಾನ್ಯ. ಪಂಪ್‌ಸೆಟ್ಟುಗಳಿಗೆ ತ್ರೀ ಫೇಜ್ ಕೊಟ್ಟ ಕ್ಷಣ ಒಮ್ಮೆಲೇ ಹತ್ತಾರು ಮೋಟರುಗಳು ಏಳುತ್ತವೆ, ವೋಲ್ಟೇಜು 170ರ ಕೆಳಗೆ ಕುಸಿಯುತ್ತದೆ. ಅವು ಆರಿದ ರಾತ್ರಿ ಅದೇ ಲೈನು 260 ಮುಟ್ಟುವುದೂ ಉಂಟು. ಮಲ್ಟಿಮೀಟರಿನಿಂದ ಒಮ್ಮೆ ಅಳೆದು 230 ಇದೆಯೆಂದು ಸಮಾಧಾನಪಡದೆ, ಟ್ರಿಪ್ ಆದ ಸಮಯಗಳನ್ನು ಬರೆದು ಊರಿನ ತ್ರೀ ಫೇಜ್ ವೇಳೆಯೊಡನೆ ಹೊಂದಿಸಿ ನೋಡಿ. ರಿಲೇ ಇರುವ ಸ್ಟೆಬಿಲೈಸರ್ ಹಂತ ಬದಲಿಸುವಾಗಿನ ಕ್ಷಣಮಾತ್ರದ ಕಡಿತವೂ ಬೋರ್ಡನ್ನು ಬೀಳಿಸಬಹುದು. ಆನ್‌ಲೈನ್ ಯುಪಿಎಸ್ ಇಟ್ಟರೆ ಇದು ಮುಗಿಯುತ್ತದೆ.

ಲಕ್ಷಣ: ಸಿಡಿಲಿನ ನಂತರ

ಯಂತ್ರ ಚಾಲೂ ಆದರೂ ಮೊದಲು ಡಮ್ಮಿ ಲೋಡಿನ ಮೇಲೆಯೇ ನೋಡಿ. ಸಿಡಿಲು ನಿರೋಧಕದ ಗ್ಯಾಸ್ ಟ್ಯೂಬ್ ಸುಟ್ಟಿದ್ದರೆ ಬದಲಿಸಿ. ಇಲ್ಲಿನ ಎರೆಮಣ್ಣು ಹಸಿಯಿದ್ದಾಗ ಅರ್ಥಿಂಗಿಗೆ ಒಳ್ಳೆಯದು, ಬೇಸಿಗೆಯಲ್ಲಿ ಬಾಯಿ ಬಿಟ್ಟಾಗ ಮಾತ್ರ ಅರ್ಥ್ ಪೈಪಿನ ಸುತ್ತ ಗಾಳಿಯೇ ಉಳಿಯುತ್ತದೆ. ಸಿಡಿಲಿನ ಕಾಲ ಶುರುವಾಗುವುದೂ ಆಗಲೇ. ಮಾರ್ಚ್‌ನಿಂದಲೇ ಗುಂಡಿಗೆ ನೀರು ಹಾಕುತ್ತ ಬನ್ನಿ, ಅರ್ಥ್ ಟೆಸ್ಟರ್ ಇರುವವರಿಂದ ಒಮ್ಮೆ ಅಳೆಸಿ.

ಕೈ ಬಿಟ್ಟು ಎಂಜಿನಿಯರನ್ನು ಕರೆಯಬೇಕಾದ ಹೊತ್ತು

ಸುಟ್ಟ ವಾಸನೆ ಬಂದರೆ, ಡಮ್ಮಿ ಲೋಡಿನ ಮೇಲೂ ಟ್ರಿಪ್ ಆದರೆ, ಶಕ್ತಿ ಇಳಿದರೂ ಕರೆಂಟ್ ಇಳಿಯದಿದ್ದರೆ, ಆವರ್ತನ ಲಾಕ್ ಆಗದಿದ್ದರೆ, ಪೆಟ್ಟಿಗೆ ಮುಟ್ಟಿದರೆ ಜುಮ್ಮೆಂದರೆ ಅಲ್ಲಿಗೆ ನಿಲ್ಲಿಸಿ. ಫೋನಿನಲ್ಲಿ "ಬರ್ತಾ ಇಲ್ಲ" ಎಂದಷ್ಟೇ ಹೇಳಿದರೆ ಎಂಜಿನಿಯರ್ ಬರಿಗೈಯಲ್ಲಿ ಬಂದು ನೋಡಿ, ಬಿಡಿಭಾಗಕ್ಕಾಗಿ ಮತ್ತೆ ಹೋಗಬೇಕಾಗುತ್ತದೆ. ಮೊದಲ ದೋಷದ ಸಂದೇಶ, ಫಾರ್ವರ್ಡ್, ರಿಫ್ಲೆಕ್ಟೆಡ್, ಔಟ್‌ಪುಟ್ ಹಂತದ ವೋಲ್ಟೇಜು ಮತ್ತು ಕರೆಂಟ್, ಹೀಟ್‌ಸಿಂಕಿನ ಉಷ್ಣತೆ, ಡಮ್ಮಿ ಲೋಡಿನ ಮೇಲಿನ ಫಲಿತಾಂಶ ಇಷ್ಟನ್ನು ಓದಿ ಹೇಳಿದರೆ ಅವರು ಸರಿಯಾದ ಭಾಗವನ್ನು ಹೊತ್ತುಕೊಂಡೇ ಬರುತ್ತಾರೆ.

ದುರಸ್ತಿಯಾದ ಮೇಲೆ ಡಮ್ಮಿ ಲೋಡಿನಲ್ಲಿ 10 ವ್ಯಾಟ್‌ನಿಂದ ಆರಂಭಿಸಿ ಕಾಲು ಗಂಟೆ ನೋಡಿ, ಪೂರ್ಣ ಶಕ್ತಿಗೆ ಏರಿಸಿ, ನಂತರವೇ ಆಂಟೆನಾಗೆ ಬದಲಿಸಿ. ಆ ದಿನದ ಎಲ್ಲ ಅಂಕಿಗಳನ್ನು ದಿನಾಂಕ ಮತ್ತು ಕೋಣೆಯ ಉಷ್ಣತೆಯೊಡನೆ ಒಂದು ರಟ್ಟಿನ ಮೇಲೆ ಬರೆದು ರ‍್ಯಾಕಿನ ಬಾಗಿಲ ಒಳಬದಿಗೆ ಅಂಟಿಸಿ.